ಹಸಿ ಗಾಯಕ್ಕೆ ನೀರು ಆಗದು

ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸುವ ಅಭ್ಯಾಸ ಅಪ್ಪಯ್ಯನಿಗೆ ಹೋದ ವರ್ಷ ಶುರುವಾಯಿತು. ಹಾಲಿನ ಡೈರಿಗೆ ಹೋಗುವಾಗ ದಾರಿಯ ಒಂದು ಮೋರಿಕಟ್ಟೆಯನ್ನೂ ಬಿಡದೆ ಕೂರುತ್ತಿದ್ದ. "ಎಂತ ಭಾವ, ಪಂಚಾಯ್ತಿಗೆ ನಿಲ್ತೀರಾ?" ಎಂದು ಪಕ್ಕದ ಮನೆಯವರು ಕಾಲೆಳೆದರೆ ನಗುತ್ತಿದ್ದ. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಕೂತರೆ ಬಿಡುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ.

ಕಾಲಿನ ಹೆಬ್ಬೆರಳು ಕಪ್ಪಾದ ಮೇಲೆ ನಮಗೆ ಗೊತ್ತಾಯಿತು. ಬೀಡಿ ಸೇದಿ ಸೇದಿ ರಕ್ತನಾಳ ಕಟ್ಟಿದೆ, ಸಕ್ಕರೆ ಕಾಯಿಲೆಯೂ ಇದೆ ಎಂದರು ಹೊಸನಗರದ ಡಾಕ್ಟರು. ಹುಲಿಕಲ್ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಕಾಲು ನೀಡಿದರೆ ನೋವು ತಡೆಯಲಾಗದೆ ದಾರಿಯುದ್ದಕ್ಕೂ ಇಳಿಬಿಟ್ಟುಕೊಂಡೇ ಬಂದ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಅಜ್ಜ ಗೇಣಿ ಗದ್ದೆ ಉತ್ತವನು, ಅಪ್ಪಯ್ಯ ಹೆಬ್ಬೆಟ್ಟು. ನಾನು ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಸಾಗರಕ್ಕೆ ಹೋಗಿ ಬಿಎಸ್ಸಿ ಮಾಡಿದೆ. ಹಾಗಾಗಿ ಡಾಕ್ಟರು ಹೇಳಿದ್ದನ್ನು ಮನೆಯವರಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಅದರಲ್ಲಿ ನನಗೆ ಹೆಮ್ಮೆಯೂ ಇತ್ತು.

ರಕ್ತನಾಳ ಎಕ್ಸ್‌ರೇಗೆ ಕಾಣುವುದಿಲ್ಲ. ತೊಡೆಸಂದಿಯಲ್ಲಿ ಸೂಜಿ ಚುಚ್ಚಿ ಡೈ ಎಂಬ ದ್ರವ ಬಿಟ್ಟರೆ, ಅದು ಹರಿದಷ್ಟು ದೂರ ಮಾತ್ರ ಕಾಣುತ್ತದೆ. ಅಪ್ಪಯ್ಯನಿಗೆ ಹಾಗೆ ಬಿಟ್ಟಾಗ ಪರದೆಯ ಮೇಲೆ ದಪ್ಪನೆಯ ಕಪ್ಪು ಗೆರೆ ಮಂಡಿಯ ಹತ್ತಿರ ಬಂದು ನಿಂತೇಬಿಟ್ಟಿತ್ತು. ಅದರಾಚೆ ಕೂದಲೆಳೆಯಂಥ ಒಂದೆರಡು ಗೆರೆ. ಅಲ್ಲಿ ಸ್ಟೆಂಟ್ ಕೂರಿಸಿದರೆ ಕಾಲು ಉಳಿಯಬಹುದು ಎಂದರು. ಅದು ಬಲೆಯಂಥ ಸಣ್ಣ ಕೊಳವೆ. ಎಲ್ಲಿ ಕೂತಿದೆ ಎಂದು ತಿಳಿಯಲು ಅದರ ತುದಿಗಳಲ್ಲಿ ಎಕ್ಸ್‌ರೇಗೆ ಎದ್ದು ಕಾಣುವ ಲೋಹದ ಚುಕ್ಕಿಗಳಿರುತ್ತವೆ. ನಾಡಿದ್ದು ಹಾಕುತ್ತೇವೆ, ಆಗ ಮತ್ತೆ ಡೈ ಬೇಕು, ಡೈ ಕಿಡ್ನಿಗೆ ಭಾರ, ಚೆನ್ನಾಗಿ ನೀರು ಕುಡಿಸಿ ಎಂದರು. ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ತಲೆಯಾಡಿಸಿದಳು. ವಾರ್ಡಿನಲ್ಲಿ ರಾತ್ರಿ ಒಬ್ಬರಿಗೇ ಜಾಗ, ಅವಳು ಉಳಿದಳು.

ಬೆಳಿಗ್ಗೆ ಹೋದಾಗ ಚೊಂಬಿನ ನೀರು ಹಾಗೇ ಇತ್ತು. ಅಪ್ಪಯ್ಯನ ತುಟಿ ಒಣಗಿ ಬಿರಿದಿತ್ತು. ಮೂತ್ರದ ಬಾಟಲಿಯ ತಳ ಮುಚ್ಚುವಷ್ಟೂ ಮೂತ್ರ ಬಂದಿರಲಿಲ್ಲ.

"ನೀರು ಕೊಡ್ಲಿಲ್ವನಮ್ಮ?"

"ತೊಡೆ ಗಾಯ ಇನ್ನೂ ಹಸಿ ಐತಲ್ಲ ಮಗಾ. ನೀರು ಕುಡಿದ್ರೆ ಕೀವಾಗ್ತದೆ. ನಿಮ್ಮಪ್ಪಯ್ಯ ಕೇಳಿದ್ರು, ನಾನೇ ಬ್ಯಾಡ ಅಂದೆ. ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಚಿದೀನಿ."

"ಅವಳಿಗೆ ಬೈಬ್ಯಾಡ," ಅಂದ ಅಪ್ಪಯ್ಯ. "ಮಲಗಿದಲ್ಲೇ ಬಾಟ್ಲೀಲಿ ಹೊಯ್ಯಕೆ ನಾಚಿಕೆಯಾಗಿ ನಾನೂ ಸುಮ್ನಿದ್ದೆ."

ಕತ್ತಿ ತಾಗಿದರೂ ಹೆರಿಗೆಯಾದರೂ ನಮ್ಮ ಕಡೆ ನೀರಿಗೆ ಪಥ್ಯ. ಅಮ್ಮ ನಮ್ಮನ್ನೆಲ್ಲ ಹಾಗೇ ಗುಣ ಮಾಡಿದವಳು.

ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಏರಿತ್ತು, ಎಂದರೆ ಕಿಡ್ನಿ ಸೋಲುತ್ತಿತ್ತು. ಸಲೈನ್ ಹಾಕಿದರು. ನೀರು ಕುಡಿಸದಿದ್ದದ್ದೇ ಕಾರಣ ಎನ್ನಲಾಗದು, ಸಕ್ಕರೆ ಕಾಯಿಲೆಯೂ ಇದೆಯಲ್ಲ ಎಂದರು ಡಾಕ್ಟರು. ಅದನ್ನು ಅಮ್ಮನಿಗೆ ಎರಡು ಸಲ ಹೇಳಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೂತ್ರದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು. ಕಿಡ್ನಿ ಸುಧಾರಿಸುವವರೆಗೆ ಡೈ ಬಿಡುವಂತಿಲ್ಲ. ಕಾಲು ಅಲ್ಲಿಯವರೆಗೆ ಕಾಯುತ್ತದೆಯೇ? ಕಪ್ಪು ಬಣ್ಣ ಬೆರಳಿನಿಂದ ಅಂಗಾಲಿಗೆ ಹಬ್ಬಿತ್ತು.

ಕೊನೆಗೆ ಡಾಕ್ಟರ ಹಿಂದೆ ಕಾರಿಡಾರಿನಲ್ಲಿ ಓಡಿದೆ. ಡೈ ಇಲ್ಲದೇ ಹಾಕಿ ಸರ್, ಸ್ಟೆಂಟಿನ ಚುಕ್ಕಿ ಹೇಗೂ ಕಾಣುತ್ತದಲ್ಲ ಎಂದು ಕೈಮುಗಿದೆ. ನಾನು ಓದಿದ್ದೆಲ್ಲ ಸೇರಿ ಅಷ್ಟೇ ಹೊಳೆದದ್ದು.

"ಚುಕ್ಕಿ ಕಾಣುತ್ತೆ ಕಣಪ್ಪ," ಅಂದರು ಅವರು. "ದಾರಿ ಕಾಣೋದಿಲ್ವಲ್ಲ."

ಕಿಡ್ನಿ ಇನ್ನೂ ಸುಧಾರಿಸಿರಲಿಲ್ಲ, ಅಷ್ಟರಲ್ಲಿ ಕಾಲಿನ ನಂಜು ಏರಿತು. ಮಂಡಿಯ ಕೆಳಗೆ ಕತ್ತರಿಸಿದರು.

ಮರುದಿನ ಸಿಸ್ಟರ್ ಬಂದು, ಇನ್ನು ನೀರು ಕುಡಿಸಬಹುದು ಎಂದು ಹೇಳಿ ಹೋದರು. ಅಮ್ಮ ಲೋಟ ಹಿಡಿದು ಬ್ಯಾಂಡೇಜನ್ನೇ ನೋಡುತ್ತ ನಿಂತಿದ್ದಳು.

"ಇದು ದೊಡ್ಡ ಗಾಯ ಮಗಾ. ಕೊಡ್ಲಾ, ಬ್ಯಾಡ್ವಾ?"

ಕೊಡಮ್ಮ ಎಂದೆ. ಅಪ್ಪಯ್ಯನ ತಲೆ ಎತ್ತಿ ಹಿಡಿದು ಲೋಟವನ್ನು ತುಟಿಯವರೆಗೆ ತಂದವಳು, ಅಲ್ಲೇ ತಡೆದು, ಮತ್ತೆ ನನ್ನ ಮುಖ ನೋಡಿದಳು.