ಯಜಮಾನನ ಗವಿ ಕಿತ್ತ ಬೆಳಿಗ್ಗೆ

ಬೆಳಿಗ್ಗೆ ಐದೂಮುಕ್ಕಾಲು. ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ಹಾಲ್‌ನಲ್ಲಿ ಅರವತ್ತು ಕುರ್ಚಿಗಳು ಖಾಲಿ. ದೀಪ ಹಾಕಿಲ್ಲ; ಪಂಪಿನ ಗುಂಯ್‌ಗುಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗೋಡೆಯುದ್ದಕ್ಕೂ ಇರುವ ಹನ್ನೆರಡು ಅಡಿಯ ಗಾಜಿನ ತೊಟ್ಟಿಯ ಪಕ್ಕ ಏಣಿ ಹತ್ತಿ ನಿಂತ ಹೆಂಗಸೊಬ್ಬರು, ಹೆಗಲವರೆಗೆ ತೋಳು ಮುಳುಗಿಸಿ ತಳದ ಕಲ್ಲುಗಳನ್ನು ಒಂದೊಂದಾಗಿ ಸರಿಸುತ್ತಿದ್ದಾರೆ. ಅವರ ಬೆರಳಿನಿಂದ ಒಂದು ಗೇಣು ದೂರದಲ್ಲಿ, ಅಂಗೈಗಿಂತ ಅಗಲದ ಕಪ್ಪು ಮೀನೊಂದು ಅಲುಗಾಡದೆ ನಿಂತು ನೋಡುತ್ತಿದೆ. ಅದರ ಬಾಲದ ಬುಡದಲ್ಲಿ ಎರಡೂ ಕಡೆ ಚೂರಿಯಂಥ ಮುಳ್ಳು.

“ಕೈಗೇನೂ ಮಾಡಲ್ಲ ಅವನು,” ಎನ್ನುತ್ತಾರೆ ಆಕೆ. “ಯಾವ ಕಲ್ಲು ಎಲ್ಲಿಗೆ ಹೋಯ್ತು ಅಂತ ಲೆಕ್ಕ ಇಡ್ತಿದ್ದಾನೆ.”

ದಿನವೂ ಉಪ್ಪು ಬೆರೆಸಿ ಸಮುದ್ರದ ನೀರು ತಯಾರಿಸುವ ಈಕೆಗೆ ಆಸ್ಪತ್ರೆಯಲ್ಲಿ ಉಪ್ಪಕ್ಕ ಎಂದೇ ಹೆಸರು. ಆ ಕಪ್ಪು ಮೀನಿಗೆ ಯಜಮಾನ ಎಂದು ಹೆಸರಿಟ್ಟವರು ಇವರೇ. ಹನ್ನೊಂದು ವರ್ಷದ ಹಿಂದೆ ಇದೇ ಹಾಲ್ ಗುಡಿಸುತ್ತಿದ್ದರು. ತೊಟ್ಟಿ ನೋಡಿಕೊಳ್ಳುತ್ತಿದ್ದಾತ ಹೇಳದೆ ಕೇಳದೆ ಕೆಲಸ ಬಿಟ್ಟಾಗ ಮೀನುಗಳು ಒಂದೊಂದೇ ಮಗುಚಿ ತೇಲತೊಡಗಿದವು. ಕೊನೆಗೆ ಬೆರಳುದ್ದದ ಈ ಕರಿಯ ಒಬ್ಬನೇ ಉಳಿದ. ಅವನನ್ನು ಬದುಕಿಸುತ್ತಲೇ ಉಪ್ಪಕ್ಕ ಕೆಲಸ ಕಲಿತರು. ಈಗ ಎರಡು ಸಾವಿರ ಲೀಟರ್ ನೀರು, ಮೂವತ್ತನಾಲ್ಕು ಮೀನು, ವಾರಕ್ಕೆ ಹದಿನೈದು ಬಕೆಟ್ ಹೊಸ ನೀರು. ಉಪ್ಪು ತಾಗಿ ತಾಗಿ ಬೆರಳ ಸಂದುಗಳು ಬಿರಿದಿವೆ.

“ಮನೇಲೊಬ್ರು ಯಜಮಾನ್ರು, ಇಲ್ಲೊಬ್ಬ. ಅವ್ರು ಕೋಪ ಬಂದ್ರೆ ಮಾತು ಬಿಡ್ತಾರೆ, ಇವನು ಊಟ ಬಿಡ್ತಾನೆ. ಮಾತು ಬಿಟ್ರೆ ನನಗೇನೂ ನಷ್ಟ ಇಲ್ಲ,” ಎಂದು ನಗುತ್ತಾರೆ.

ನಗು ಅಲ್ಲಿಗೇ ನಿಲ್ಲುತ್ತದೆ. ಹಿಂದಿನ ಎರಡು ವರ್ಷಗಳಲ್ಲಿ ತಂದ ಮೂರು ಹೊಸ ಮೀನುಗಳಲ್ಲಿ ಒಂದನ್ನೂ ಯಜಮಾನ ಉಳಿಸಿಲ್ಲ. ಮೂರೂ ನೀರಿಗೆ ಬಿಟ್ಟ ಮೂರು ಗಂಟೆಯೊಳಗೇ ಹೋದವು. ಇನ್ನೊಂದು ಸತ್ತರೆ ಯಜಮಾನನನ್ನು ಹಿಡಿದು ಮೀನಿನ ಅಂಗಡಿಗೆ ಕೊಟ್ಟುಬಿಡುವುದಾಗಿ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದಾರೆ. ಈ ವಯಸ್ಸಿನಲ್ಲಿ ಬೇರೆ ನೀರಿಗೆ ಹೋದರೆ ಅವನು ಉಳಿಯುವುದಿಲ್ಲ ಎಂಬುದು ಉಪ್ಪಕ್ಕನಿಗೆ ಗೊತ್ತು. ಹೊಸಬನೂ ಸಾಯಬಾರದು, ಹಳಬನೂ ಹೋಗಬಾರದು.

ಮೊದಲನೆಯದನ್ನು ನೇರವಾಗಿ ಬಿಟ್ಟದ್ದು ತಪ್ಪಾಯಿತು. ಎರಡನೆಯ ಸಲ ಯಜಮಾನನ ಗಮನ ಬೇರೆಡೆ ಸೆಳೆಯಲು ಗಾಜಿಗೊಂದು ಕನ್ನಡಿ ಆನಿಸಿದರು. ತನ್ನ ಬಿಂಬದೊಂದಿಗೆ ಕಾದಾಡಿ ಸುಸ್ತಾಗಲಿ ಎಂಬುದು ಉಪಾಯ. ಅದಕ್ಕೆ ಒಂದು ಗಂಟೆ ಸಾಕು. ಉಪ್ಪಕ್ಕ ಕನ್ನಡಿಯನ್ನು ಇಡೀ ದಿನ ಅಲ್ಲೇ ಬಿಟ್ಟರು.

“ಬಾಯೆಲ್ಲ ಗಾಯ ಮಾಡ್ಕೊಂಡ. ಕನ್ನಡಿ ತೆಗೆದ ಮೇಲೂ ಅದೇ ಹೊತ್ತಿಗೆ ಅಲ್ಲಿಗೇ ಬಂದು ನಿಲ್ಲೋನು. ಬರೀ ಗಾಜು. ಅದರಾಚೆ ನಾನು. ಆದ್ರೆ ಅವನು ನೋಡ್ತಿದ್ದದ್ದು ನನ್ನನ್ನಲ್ಲ. ಒಂದಿನ ನಾನೇ ಹೆದರಿ ಹಿಂದೆ ತಿರುಗಿ ನೋಡಿದೆ.”

ಮೂರನೆಯದನ್ನು ಹತ್ತು ದಿನ ತೂತಿನ ಪೆಟ್ಟಿಗೆಯಲ್ಲಿಟ್ಟು ಅದೇ ನೀರಿನಲ್ಲಿ ತೇಲಿಬಿಟ್ಟಿದ್ದರು. ನೋಡಿ ನೋಡಿ ಇಬ್ಬರಿಗೂ ಅಭ್ಯಾಸವಾಗಲಿ ಎಂದು. ಹೊರಬಿಟ್ಟಾಗ ಅದು ಓಡಿ ಕಲ್ಲುಗಳ ಸಂದಿನಲ್ಲಿದ್ದ ಯಜಮಾನನ ಗವಿಗೇ ನುಗ್ಗಿತು. ಹಿಂದೆಯೇ ಯಜಮಾನ. ಒಳಗೆ ಹೋದದ್ದನ್ನು ಉಪ್ಪಕ್ಕ ಕಣ್ಣಾರೆ ಕಂಡರು, ಹೊರಗೆ ಬಂದದ್ದನ್ನು ಕಾಣಲಿಲ್ಲ. ಇವತ್ತು ಆ ಗವಿಯ ಕಲ್ಲೆತ್ತಿದಾಗ ಬೆರಳಾಡಿಸಿ ಹುಡುಕಿದರು. ಒಂದು ಮುಳ್ಳೂ ಇಲ್ಲ. ತೊಟ್ಟಿಯಲ್ಲಿರುವ ಏಡಿಗಳು ತಿಂದಿರಬೇಕು ಎನ್ನುತ್ತಾರೆ, ಆದರೆ ದನಿಯಲ್ಲಿ ಖಾತ್ರಿಯಿಲ್ಲ.

ಆರು ಗಂಟೆ. ಗವಿ ಈಗ ಇಲ್ಲ. ಇದ್ದಲ್ಲಿ ಬರೀ ಮರಳು. ಮನೆಯೇ ಗುರುತು ಸಿಗದಿದ್ದರೆ ಜಗಳಕ್ಕೆ ಕಾರಣವೂ ಇರುವುದಿಲ್ಲ ಎಂಬುದು ಈ ಸಲದ ನಂಬಿಕೆ. ಎಲ್ಲ ಮೀನುಗಳಿಗೂ ಹೊಟ್ಟೆ ತುಂಬ ಹಾಕಿ, ಹತ್ತು ದಿನದಿಂದ ಪೆಟ್ಟಿಗೆಯಲ್ಲಿದ್ದ ಹಳದಿ ಮೀನನ್ನು ನೀರಿಗೆ ಬಿಟ್ಟು, ಬಲೆ ಹಿಡಿದು ನಿಲ್ಲುತ್ತಾರೆ.

ಹಳದಿಯತ್ತ ಯಜಮಾನ ತಿರುಗಿಯೂ ನೋಡುವುದಿಲ್ಲ. ಕಲ್ಲಿನಿಂದ ಕಲ್ಲಿಗೆ ಹೋಗುತ್ತಾನೆ, ಮೂತಿ ತಾಗಿಸುತ್ತಾನೆ, ವಾಪಸು ಬರುತ್ತಾನೆ. ಅರ್ಧ ಗಂಟೆ ಇದೇ. ಉಪ್ಪಕ್ಕ ಕಣ್ಣು ಕೀಳದೆ ನೋಡುತ್ತಾರೆ. ಆ ಮನೆ ಕಿತ್ತವರು ತಾವೇ. ಆಮೇಲೆ ಅವನು ಗವಿಯ ಬಾಯಿ ಇದ್ದ ಜಾಗಕ್ಕೆ ಬಂದು, ಖಾಲಿ ನೀರಿಗೆ ಬೆನ್ನು ಮಾಡಿ, ರೆಕ್ಕೆ ಬಿಚ್ಚಿ ನಿಲ್ಲುತ್ತಾನೆ. ಎರಡು ಸಲ ಹಳದಿ ಹತ್ತಿರ ಹೋಗುತ್ತದೆ, ಎರಡು ಸಲ ಅಟ್ಟಿಸಿಕೊಳ್ಳುತ್ತದೆ. ಉಪ್ಪಕ್ಕ ಬಲೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

ಒಂಬತ್ತಕ್ಕೆ ಮ್ಯಾನೇಜರ್ ಬರುತ್ತಾರೆ. ಕುರ್ಚಿಗಳೆಲ್ಲ ತುಂಬಿವೆ. ಹಳದಿ ಮೀನು ಈಜುತ್ತಿದೆ, ಮೈಮೇಲೆ ಗೀರೂ ಇಲ್ಲ.

“ಅದೇನಮ್ಮ ಕಾಯ್ತಾ ನಿಂತಿದೆ ಆ ಕರೀದು? ಅಲ್ಲೇನೂ ಇಲ್ವಲ್ಲ.”

“ಅವನ ಗವಿ ಸರ್.”

“ಎಲ್ಲಿ?”

ಉಪ್ಪಕ್ಕ ಹಳದಿಯತ್ತ ಬೆರಳು ತೋರಿಸುತ್ತಾರೆ. ತೊಟ್ಟಿಯ ಈ ತುದಿಯಿಂದ ನೇರವಾಗಿ ಬಂದ ಅದು, ಆ ಖಾಲಿ ನೀರಿನ ಹತ್ತಿರ ಬಂದಾಗ ನಿಧಾನಿಸಿ, ಇಲ್ಲದ ಕಲ್ಲುಗಳನ್ನು ಒಂದು ಸುತ್ತು ಬಳಸಿಕೊಂಡು ಆಚೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಮೀನೂ ಹಾಗೆಯೇ ಬಳಸಿ ಹೋಗುತ್ತದೆ. ಮ್ಯಾನೇಜರ್ ತಮಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

“ಇಬ್ರೂ ಉಳ್ಕೊಂಡ್ರು ಸರ್,” ಎನ್ನುತ್ತಾರೆ ಉಪ್ಪಕ್ಕ, ತೋಳು ಒರೆಸಿಕೊಳ್ಳುತ್ತ. “ನಾಳೆ ನನ್ನ ಜಾಗಕ್ಕೆ ಯಾರೇ ಬರ್ಲಿ, ಅಲ್ಲಿ ಮಾತ್ರ ಏನೂ ಇಡಬೇಡಿ ಅಂತ ಹೇಳಿ. ಖಾಲಿ ಇದೆ ಅಂತ ಅನ್ಕೊಂಡ್ಬಿಡ್ತಾರೆ.”