ಮುಯ್ಯಾಳು ಗೋಲ್‌ಕೀಪರ್

ಅರಸೀಕೆರೆ ಸ್ಟೇಷನ್ನಿಗೆ ಹತ್ತಿರದ ಛತ್ರದಲ್ಲಿ ಆವತ್ತು ಊಟಕ್ಕೆ ಕೂತವರು ಇಪ್ಪತ್ತಾರು ಮಂದಿ. ಹೊರಊರಿನಿಂದ ಬಂದ ಫುಟ್‌ಬಾಲ್ ತಂಡದ ಹದಿಮೂರು ಆಟಗಾರರು, ಅವರ ಮ್ಯಾನೇಜರು, ರೆಫರಿ, ನಮ್ಮ ಅರಸೀಕೆರೆ ತಂಡದ ಹತ್ತು ಜನ, ಆ ತಂಡದ ಸೆಕ್ರೆಟರಿ ಎಂಬ ಹೆಸರು ಹೊತ್ತ ನಾನು.

ಹನ್ನೊಂದನೆಯ ಆಟಗಾರ ಎಲ್ಲಿ ಅಂದಿರಾ? ಅವನು ಬಡಿಸುತ್ತಿದ್ದ.

ಬಡಿಸುತ್ತಿದ್ದವನೇ ಅಡುಗೆ ಮಾಡಿದವನು. ಹೆಸರು ನರಸಿಂಹ. ಬೇಲೂರಿನವನು, ಅಲ್ಲಿಯ ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸ. ನಮ್ಮ ತಂಡದ ಗೋಲ್‌ಕೀಪರ್. ಪುಳಿಯೋಗರೆಯ ಗೊಜ್ಜನ್ನು ಹಿಂದಿನ ದಿನವೇ ಕಾಯಿಸಿ, ಜಾಡಿಯಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಆಟ ಸಾಯಂಕಾಲ ನಾಲ್ಕಕ್ಕೆ. ಅಷ್ಟರೊಳಗೆ ಬಂದವರ ಹೊಟ್ಟೆ ತಣ್ಣಗಾಗಬೇಕಲ್ಲ? ಎದುರಾಳಿಗಳಾದರೇನು, ನಮ್ಮೂರಿಗೆ ಬಂದಿಳಿದ ಮೇಲೆ ನೆಂಟರೇ.

(ಆ ತಂಡ ಯಾವ ಊರಿನದು ಎಂದು ನಾನು ಹೇಳುವುದಿಲ್ಲ. ಆ ಊರಿನಲ್ಲಿ ನನಗೆ ಬೀಗರಿದ್ದಾರೆ.)

ಇಡೀ ದೇಶದ ತಂಡಗಳು ಆಡುವ ನಾಕೌಟ್ ಕಪ್ ಇದು. ನಾಕೌಟ್ ಅಂದರೆ ಗೊತ್ತಲ್ಲ? ಒಂದು ಸಲ ಸೋತರೆ ಗಂಟುಮೂಟೆ ಕಟ್ಟಬೇಕು. ಮೊದಲ ಸುತ್ತುಗಳು ಅವರವರ ಸೀಮೆಯಲ್ಲಿ, ಆಮೇಲಿನದು ಬೆಂಗಳೂರಿನಲ್ಲಿ, ಕೊನೆಯದು ಕಲ್ಕತ್ತೆಯಲ್ಲಿ. ನಮಗೆ ಕಲ್ಕತ್ತೆಯ ಕನಸೇನೂ ಇರಲಿಲ್ಲ. ಬೆಂಗಳೂರಿನ ಕನಸು ಮಾತ್ರ ಇತ್ತು. ಅದಕ್ಕೆ ಈ ಒಂದು ಆಟ ಗೆಲ್ಲಬೇಕಿತ್ತು.

ಬೆಂಗಳೂರು ಯಾಕೆ ಅಂತೀರಾ? ನರಸಿಂಹನಿಗಾಗಿ. ರೈಲ್ವೆ ತಂಡಕ್ಕೆ ಆಟಗಾರರನ್ನು ಆರಿಸಿ, ಅವರಿಗೆ ಕೆಲಸ ಕೊಡಿಸುವ ಸಾಹೇಬರೊಬ್ಬರು ಬೆಂಗಳೂರಿನ ಸುತ್ತಿಗೆ ಬಂದು ಕೂರುತ್ತಾರೆಂದು ನಮ್ಮ ಕ್ಯಾಪ್ಟನ್ ಕೆಂಚಪ್ಪ ಸುದ್ದಿ ತಂದಿದ್ದ. ಕೆಂಚಪ್ಪ ಕಣಕಟ್ಟೆಯ ರೈತರ ಮನೆಯವನು, ಇಲ್ಲಿ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್. ಸುಮ್ಮನೆ ಹೇಳುವವನಲ್ಲ. ಗೋಲ್‌ಕೀಪರ್ ಬೇಕಾಗಿದ್ದಾನಂತೆ, ವಯಸ್ಸು ಇಪ್ಪತ್ತೈದು ತುಂಬಿರಬಾರದಂತೆ. ನರಸಿಂಹನಿಗೆ ಇಪ್ಪತ್ತೈದು ತುಂಬಲು ಐದು ತಿಂಗಳು ಬಾಕಿ. ಅಂದರೆ ಈ ವರ್ಷ ಸಿಕ್ಕರೆ ಸಿಕ್ಕಿತು.

ಇಷ್ಟು ನಿಮಗೆ ಗೊತ್ತಿರಲಿ. ಈಗ ಊಟದ ಪಂಕ್ತಿಗೆ ಬನ್ನಿ.

ಮ್ಯಾನೇಜರ್ ಮಹಾಶಯರು ನನ್ನ ಬಲಗಡೆಗೆ ಕೂತಿದ್ದರು. ಸಜ್ಜನರು. ಬೆಳ್ಳಗಿನ ಷರ್ಟು, ಮೃದುವಾದ ಮಾತು. ಪುಳಿಯೋಗರೆ ಬಾಯಿಗಿಟ್ಟವರು ಕಣ್ಣು ಮುಚ್ಚಿದರು. ಯಾರ ಕೈಯಡುಗೆ ಎಂದು ಕೇಳಿದರು. ನಮ್ಮ ಗೋಲ್‌ಕೀಪರನದೇ ಎಂದೆ. ಅವರು ನಕ್ಕರು. ನಾನು ಉಬ್ಬಿದೆ. ಉಬ್ಬಿದ ಮನುಷ್ಯ ಸುಮ್ಮನಿರುತ್ತಾನೆಯೇ? ಇಡೀ ಕಥೆ ಬಿಚ್ಚಿದೆ.

ಕಥೆ ಇಷ್ಟು. ಈ ಕಪ್ಪಿನ ಮೊದಲನೆಯ ಸುತ್ತಿನಲ್ಲಿ ನಮಗೆ ಎದುರಾದದ್ದು ಬೇಲೂರಿನ ತಂಡವೇ. ಆಗ ನರಸಿಂಹ ಅವರ ಗೋಲಿನಲ್ಲಿ ನಿಂತಿದ್ದ. ನಮ್ಮವರು ಏನೆಲ್ಲ ಹೊಡೆದರೂ ಅವನ ಕೈಗೆ ಅಂಟುತ್ತಿತ್ತು. ಕೊನೆಗೆ ಅವರ ಕಡೆಯವನ ಕೈಗೇ ಚೆಂಡು ತಾಗಿ ಪೆನಾಲ್ಟಿ ಸಿಕ್ಕಿದ್ದರಿಂದ ಒಂದು ಗೋಲಿನಲ್ಲಿ ಬದುಕಿದೆವು. ಅದೇ ಆಟದಲ್ಲಿ ನಮ್ಮ ಗೋಲ್‌ಕೀಪರ್ ಬಿದ್ದು ತೋಳು ಮುರಿದುಕೊಂಡ. ಮುಂದೇನು? ಕೆಂಚಪ್ಪ ತಲೆ ಕೆರೆದುಕೊಂಡು ನನ್ನ ಮನೆಗೆ ಬಂದ.

"ಅದಕ್ಯಾಕ್ ಯೋಚ್ನೆ ಮೇಷ್ಟ್ರೆ? ಬೇಲೂರೋರು ಸೋತವ್ರೆ, ಅವ್ರಿಗೆ ಈ ವರ್ಸ ಕೆಲ್ಸ ಇಲ್ಲ. ಮುಯ್ಯಾಳು ಕೇಳಾನ. ನಾಳೆ ಅವ್ರಿಗೆ ಬೇಕಾದ್ರೆ ನಾವ್ ಕಳ್ಸಾದು."

ಮುಯ್ಯಾಳು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ರಾಗಿ ಕುಯಿಲಿಗೆ ಇವತ್ತು ನಿಮ್ಮ ಮನೆಯವರು ನಮ್ಮ ಹೊಲಕ್ಕೆ, ನಾಳೆ ನಮ್ಮ ಮನೆಯವರು ನಿಮ್ಮ ಹೊಲಕ್ಕೆ. ಕಾಗದವಿಲ್ಲ, ಪತ್ರವಿಲ್ಲ. ಹೊಲಕ್ಕೆ ಸಲ್ಲುವುದು ಫುಟ್‌ಬಾಲಿಗೆ ಯಾಕೆ ಸಲ್ಲಬಾರದು ಎಂದು ನನಗೂ ಅನ್ನಿಸಿತು. ತಟ್ಟೆಯಲ್ಲಿ ಎಲೆ ಅಡಿಕೆ, ಕಣಕಟ್ಟೆಯ ಎರಡು ತೆಂಗಿನಕಾಯಿ ಇಟ್ಟುಕೊಂಡು ಇಬ್ಬರೂ ಬೇಲೂರಿಗೆ ಹೋದೆವು. ಹೆಣ್ಣು ಕೇಳಲು ಹೊರಟವರೇ ಎಂದು ಬಸ್ಸಿನಲ್ಲಿ ಒಬ್ಬರು ವಿಚಾರಿಸಿಕೊಂಡರು ಕೂಡ. ಬೇಲೂರಿನ ತಂಡದವರು ನಕ್ಕು, ತಟ್ಟೆ ತೆಗೆದುಕೊಂಡು, ತಮ್ಮ ಗೋಲ್‌ಕೀಪರನ್ನು ನಮಗೆ ಒಪ್ಪಿಸಿದರು. ಸೋತರೂ ನಮ್ಮೂರಿನ ಒಂದು ಜೊತೆ ಕೈ ಮುಂದಕ್ಕೆ ಹೋಗುತ್ತಲ್ಲ ಅಂದರು. ಎರಡನೆಯ ಸುತ್ತನ್ನು ನರಸಿಂಹನ ಕೈಯಿಂದಲೇ ಗೆದ್ದೆವು.

ಇದನ್ನೆಲ್ಲ ಕೇಳುತ್ತಿದ್ದ ಮ್ಯಾನೇಜರರ ಕೈ ಎಲೆಯ ಮೇಲೆ ಒಂದು ಗಳಿಗೆ ನಿಂತಿತು.

"ಅಂದರೆ ಇವರು ಈ ವರ್ಷವೇ, ಇದೇ ಕಪ್ಪಿನಲ್ಲಿ ಬೇಲೂರಿನ ಪರವಾಗಿ ಆಡಿದ್ದಾರೆ?"

"ಆಡಿದ್ದಾರೆಯೇ? ನಮ್ಮನ್ನ ಅಳಿಸಿಬಿಟ್ಟಿದ್ರು ಸಾರ್," ಎಂದೆ ನಾನು, ಮಹಾ ಬುದ್ಧಿವಂತ.

ಅವರು ತಲೆದೂಗಿದರು. ಎಂಥ ಒಳ್ಳೆಯ ಜನ ನೀವು ಅಂದರು. ಅಷ್ಟರಲ್ಲಿ ನರಸಿಂಹ ಪಾಯಸ ತಂದ. ಎರಡನೆಯ ಸಲವೂ ಹಾಕಿಸಿಕೊಂಡರು. (ರೆಫರಿ ಪಂಕ್ತಿಯ ಇನ್ನೊಂದು ತುದಿಯಲ್ಲಿದ್ದರು. ಹಪ್ಪಳ ಮುರಿಯುವ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ.)

ಆಟ ಶುರುವಾಯಿತು. ಎರಡಕ್ಕೆ ಒಂದು ಗೋಲಿನಿಂದ ನಾವು ಗೆದ್ದೆವು. ಮುಗಿಯಲು ನಾಲ್ಕೈದು ನಿಮಿಷವಿದ್ದಾಗ ಅವರಿಗೆ ಪೆನಾಲ್ಟಿ ಸಿಕ್ಕಿತ್ತು. ಹೊಡೆದವನು ಎತ್ತಿನಂಥ ಆಳು. ನರಸಿಂಹ ಎಡಕ್ಕೆ ಹಾರಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಎದೆಗವಚಿಕೊಂಡು, ಹಾಗೇ ನೆಲದ ಮೇಲೆ ಮಲಗಿಬಿಟ್ಟ. ಶೆಡ್ಡಿನವರು ಅವನನ್ನು ಎತ್ತಿಕೊಂಡು ಮೈದಾನ ಸುತ್ತಿದರು. ಬೇಲೂರಿನಿಂದ ಬಂದಿದ್ದವರೂ ಎತ್ತಿದರು. ಯಾರ ಕೈ ಯಾವುದು ಗೊತ್ತಾಗುವಂತಿರಲಿಲ್ಲ.

ಮ್ಯಾನೇಜರು ಬಂದು ನನ್ನ ಕೈ ಕುಲುಕಿದರು. ಅವರ ಮುಖದಲ್ಲಿ ಸೋತ ಬೇಸರವೇ ಇಲ್ಲ. ರೈಲಿಗೆ ಇನ್ನೂ ಹೊತ್ತಿತ್ತು. ನೀವು ವಾರಪತ್ರಿಕೆಯಲ್ಲಿ ಬರೆಯುತ್ತೀರಂತೆ, ಓದಿದ್ದೇನೆ, ಅಂದರು. (ಓದುಗರೇ, ಈ ಮಾತು ಕೇಳಿದ ಮೇಲೆ ನನ್ನಂಥವನಿಂದ ಏನು ಬೇಕಾದರೂ ಮಾಡಿಸಬಹುದು.) ಊಟದ ಹೊತ್ತಿನಲ್ಲಿ ಹೇಳಿದ ಆ ಮುಯ್ಯಾಳು ಕಥೆಯನ್ನು ನಿಮ್ಮ ಕೈಯಾರೆ ನಾಲ್ಕು ಸಾಲು ಬರೆದುಕೊಡಿ, ನಮ್ಮ ಕ್ಲಬ್ಬಿನವರಿಗೆಲ್ಲ ತೋರಿಸಬೇಕು ಅಂದರು.

ನಾಲ್ಕು ಸಾಲೇ? ವೇಟಿಂಗ್ ರೂಮಿನಲ್ಲಿ ಕೂತು ಎರಡು ಪುಟ ಬರೆದೆ. ದುಂಡಗಿನ ಅಕ್ಷರ. ಹೆಸರು, ತಾರೀಖು ಇದ್ದರೆ ಚೆನ್ನಾಗಿರುತ್ತದೆ ಎಂದು ಅವರೇ ಸೂಚಿಸಿದರು. ಹಾಕಿದೆ. ಕೆಳಗೆ ಸಹಿ ಇರಲಿ, ನಿಮ್ಮ ನೆನಪಿಗೆ, ಅಂದರು. ಅದನ್ನೂ ಹಾಕಿದೆ. ದಾರಿಗೆಂದು ನರಸಿಂಹ ಕಟ್ಟಿಕೊಟ್ಟ ಪುಳಿಯೋಗರೆಯ ಪೊಟ್ಟಣಗಳನ್ನು ನಾನೇ ಕಿಟಕಿಯಿಂದ ಒಳಗೆ ಕೊಟ್ಟೆ. ರೈಲು ಹೊರಟಾಗ ಅವರು ಕೈಬೀಸಿದರು.

ಮೂರು ವಾರದ ಮೇಲೆ ಒಂದು ದಪ್ಪ ಲಕೋಟೆ ಬಂತು. ಕಪ್ ನಡೆಸುವ ಸಮಿತಿಯದು. ಬೆಂಗಳೂರಿನ ಆಟದ ದಿನಾಂಕ ಬಂತೆಂದು ಆತುರದಿಂದ ಒಡೆದೆ. ಒಳಗೆ ನನ್ನದೇ ದುಂಡಗಿನ ಅಕ್ಷರದ ಎರಡು ಪುಟಗಳ ಫೋಟೋ ನಕಲು. ಜೊತೆಗೆ ಅದರ ಇಂಗ್ಲಿಷ್ ತರ್ಜುಮೆ. (ತರ್ಜುಮೆ ಚೆನ್ನಾಗಿಯೇ ಇತ್ತು, ಹಾಳಾಗಲಿ.) ಒಂದು ಸೀಸನ್ನಿನಲ್ಲಿ ಒಬ್ಬ ಆಟಗಾರ ಈ ಕಪ್ಪಿನಲ್ಲಿ ಒಂದೇ ತಂಡಕ್ಕೆ ಆಡತಕ್ಕದ್ದು ಎಂಬ ನಿಯಮ ಮುರಿದಿದ್ದೀರಿ, ಆದ್ದರಿಂದ ಎದುರಾಳಿಗಳೇ ಗೆದ್ದಂತೆ. ನಿಮ್ಮ ಗೋಲ್‌ಕೀಪರ್ ಈ ವರ್ಷ, ಮುಂದಿನ ವರ್ಷ ಆಡುವಂತಿಲ್ಲ.

ನಿಯಮ ಇತ್ತೇ? ಇತ್ತು. ಅರ್ಜಿಯ ಹಿಂದಿನ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಸೆಕ್ರೆಟರಿಯಾದ ನಾನು ಓದಿರಲಿಲ್ಲ. ತಪ್ಪು ನನ್ನದು, ಒಪ್ಪಿದೆ. ಆ ನಿಯಮವೂ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ದೊಡ್ಡ ಊರಿನ ದೊಡ್ಡ ಕ್ಲಬ್ಬು ಪ್ರತಿ ಸುತ್ತಿನಲ್ಲಿ ಸೋತವರ ಒಳ್ಳೊಳ್ಳೆಯ ಆಟಗಾರರನ್ನು ಎತ್ತಿಕೊಂಡು ಹೋಗುತ್ತಿತ್ತು. ಅದಕ್ಕೆ ನನ್ನ ತಕರಾರಿಲ್ಲ.

ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಆ ಮನುಷ್ಯನಿಗೆ ಹನ್ನೊಂದು ಗಂಟೆಗೆ, ಪುಳಿಯೋಗರೆಯ ಎಲೆಯ ಮುಂದೆ, ಎಲ್ಲವೂ ಗೊತ್ತಾಗಿತ್ತು. ಆಗಲೇ ಹೇಳಬಹುದಿತ್ತಲ್ಲ? "ಮೇಷ್ಟ್ರೇ, ಇವರನ್ನು ಆಡಿಸಬೇಡಿ, ನಿಯಮ ಒಪ್ಪುವುದಿಲ್ಲ" ಎಂದು ಒಂದು ಮಾತು. ತೋಳು ಮುರಿದುಕೊಂಡವನನ್ನೋ, ನನ್ನನ್ನೋ ಗೋಲಿನಲ್ಲಿ ನಿಲ್ಲಿಸಿ ಆಡುತ್ತಿದ್ದೆವು. ಸೋಲುತ್ತಿದ್ದೆವು. ನ್ಯಾಯವಾಗಿ ಸೋಲುತ್ತಿದ್ದೆವು. ಎರಡನೆಯ ಸುತ್ತಿನ ಮಾತನ್ನು ಯಾರೂ ಎತ್ತಿರಲಿಲ್ಲ, ನರಸಿಂಹನ ಮೇಲೆ ಒಂದು ಕಲೆ ಬೀಳುತ್ತಿರಲಿಲ್ಲ. ಆದರೆ ಅವರು ನಿಯಮವನ್ನು ಜೇಬಿನಲ್ಲಿಟ್ಟುಕೊಂಡು ಆಡಿದರು. ಗೆದ್ದಿದ್ದರೆ ಅದು ಜೇಬಿನಲ್ಲೇ ಇರುತ್ತಿತ್ತು. ಸೋತರು, ಹೊರಗೆ ತೆಗೆದರು. ಹಾಗಾದರೆ ಅವರು ಕಾಪಾಡಿದ್ದು ನಿಯಮವನ್ನೋ, ತಮ್ಮ ಸೋಲನ್ನೋ?

ಇಂಥವರು ಫುಟ್‌ಬಾಲಿನಲ್ಲಿ ಮಾತ್ರ ಇದ್ದಾರೆಯೇ? ನನ್ನ ಬೀದಿಯಲ್ಲೇ ಒಬ್ಬರಿದ್ದಾರೆ. ಪಕ್ಕದವರು ಪಾಯ ಹಾಕುವಾಗ ದಿನವೂ ಜಗುಲಿಯಲ್ಲಿ ಕೂತು ನೋಡಿದರು. ಗೋಡೆ ಎದ್ದಾಗ ಕೆಲಸದವರಿಗೆ ಮಜ್ಜಿಗೆ ಕೊಟ್ಟರು. ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ತಿಂದರು. ಆರು ತಿಂಗಳಾದ ಮೇಲೆ ಯಾವುದೋ ಮಾತಿಗೆ ಮಾತು ಬೆಳೆದಾಗ ಅಳತೆಯ ಟೇಪು ತೆಗೆದರು. ಗೋಡೆ ಒಂದು ಗೇಣು ಇವರ ಕಡೆಗಿದೆಯಂತೆ! ಆಫೀಸುಗಳಲ್ಲಿ ನೋಡಿ. ನಿಮ್ಮ ಅರ್ಜಿಯಲ್ಲಿ ಒಂದು ಕಲಂ ಖಾಲಿ ಇರುವುದನ್ನು ಗುಮಾಸ್ತರು ಮೊದಲ ದಿನವೇ ನೋಡಿರುತ್ತಾರೆ. ಹೇಳುವುದು ಗಡುವು ಮುಗಿದ ಮಾರನೆಯ ದಿನ.

ತಿಳಿದದ್ದನ್ನು ತಿಳಿದ ಹೊತ್ತಿಗೆ ಹೇಳದವನು ಕಾನೂನಿನ ಗೆಳೆಯನಲ್ಲ ಸ್ವಾಮೀ, ಹೊಂಚುಗಾರ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಈ ಸಲ ತಾರೀಖು, ಸಹಿ ಸಮೇತ.

ಸಮಿತಿಗೆ ಮೇಲ್ಮನವಿ ಬರೆದೆ. ಶಿಕ್ಷೆ ಕೊಡುವುದಾದರೆ ನನಗೆ ಕೊಡಿ, ಅವನನ್ನು ಕರೆತಂದವನು ನಾನು, ಅವನು ಕರೆದ ಕಡೆ ಬಂದವನು ಎಂದು. ಎರಡು ಸಾಲಿನ ಉತ್ತರ ಬಂತು: ನಿಯಮದಲ್ಲಿ ಸೆಕ್ರೆಟರಿಗೆ ಶಿಕ್ಷೆಯಿಲ್ಲ.

ಅದಕ್ಕೂ ಮುಂಚೆ ನರಸಿಂಹನಿಗೆ ಹೇಳಬೇಕಿತ್ತಲ್ಲ. ಪತ್ರ ಬರೆದುಬಿಡೋಣವೆಂದುಕೊಂಡೆ. "ಬರೆದಿದ್ದು ಸಾಲದೇನ್ರೀ? ಹೋಗಿ ಬಾಯಲ್ಲಿ ಹೇಳಿ," ಅಂದಳು ನನ್ನ ಹೆಂಡತಿ. ಕೆಂಚಪ್ಪನನ್ನು ಕರೆದುಕೊಂಡು ಬೇಲೂರಿನ ಬಸ್ಸು ಹತ್ತಿದೆ. ಹಳೇಬೀಡು ದಾಟಿದ ಮೇಲೆ ಕೆಂಚಪ್ಪ, ಆ ವಯ್ಯ ಇನ್ನೊಂದ್ಸಲ ಅರಸೀಕೆರೇಲಿ ಇಳೀಲಿ ಅಂದ. ಇಳಿದರೆ ಏನು ಮಾಡುತ್ತೀ ಎಂದು ಕೇಳಿದೆ. ಊಟಕ್ಕೆ ಕರೆಯಕ್ಕಿಲ್ಲ ಅಂದ. ಅವನ ಸಿಟ್ಟಿನ ಎಲ್ಲೆ ಅದು.

ನರಸಿಂಹ ಮನೆಯ ಹಿತ್ತಿಲಲ್ಲಿ ಕೊಳಗ ಉಜ್ಜುತ್ತಿದ್ದ. ನಮ್ಮನ್ನು ಕಂಡವನೇ ಕೈ ತೊಳೆದು ಎದ್ದು, ಬೆಂಗಳೂರಿಗೆ ಯಾವತ್ತು ಹೊರಡಬೇಕು ಎಂದು ಕೇಳಿದ. ದೇವಸ್ಥಾನದಲ್ಲಿ ತನ್ನ ಪಾಳಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಸಿದ್ಧವಾಗಿದ್ದ. ನಾನು ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಆ ಎರಡು ಪುಟವನ್ನೂ ತೋರಿಸಿದೆ. ಅವನು ಓದಿದ, ಪೂರ್ತಿ ಓದಿದ.

"ನನ್ ಬಗ್ಗೆ ಚೆನ್ನಾಗ್ ಬರ್ದಿದೀರಿ ಮೇಷ್ಟ್ರೇ," ಅಂದ.

ಕೆಂಚಪ್ಪ ಗೋಡೆಯ ಕಡೆಗೆ ತಿರುಗಿಕೊಂಡ.

ಆಮೇಲೆ ನರಸಿಂಹ ಆ ಹಾಳೆಗಳನ್ನು ಮಡಿಚಿ ನನ್ನ ಕೈಗೆ ಕೊಡುತ್ತಾ ಕೇಳಿದ: "ಹಾಗಾದ್ರೆ ಆ ರೈಲ್ವೆ ಸಾಹೇಬ್ರು ನನ್ನನ್ನ ನೋಡೋದೇ ಇಲ್ವಾ?"

ಮೂವತ್ತು ವರ್ಷ ಪಾಠ ಮಾಡಿದವನು ನಾನು. ಹುಡುಗರಿಗೆ ನಿಜ ಹೇಳಿ, ಅತಿಥಿಗಳನ್ನು ಆದರಿಸಿ, ಕೇಳಿದವರಿಗೆ ಇಲ್ಲವೆನ್ನಬೇಡಿ ಎಂದು ಕಲಿಸಿದವನು. ಈ ಮೂರನ್ನೂ ಒಂದೇ ದಿನ ಮಾಡಿ ಒಬ್ಬನ ಬಾಳಿಗೆ ಕಲ್ಲು ಹಾಕಿ ಬಂದೆ. ಇನ್ನು ಮೇಲೆ ಹುಡುಗರಿಗೆ ಏನು ಕಲಿಸಲಿ? ಎಲೆಯ ಮುಂದೆ ಕೂತಾಗ ಪಕ್ಕದವರ ಜೇಬು ನೋಡಿ ಮಾತಾಡಿ ಎಂದೇ?

ಬೆಂಗಳೂರಿನಲ್ಲಿ ಆ ಸುತ್ತಿನ ಆಟ ನಡೆಯಿತು. ನಮ್ಮ ಜಾಗದಲ್ಲಿ ಆಡಿದವರು ಗೆದ್ದರೋ ಸೋತರೋ ನಾನು ವಿಚಾರಿಸಲಿಲ್ಲ.

ಹೋದ ಭಾನುವಾರ ಹಳೇಬೀಡಿನಲ್ಲಿ, ಕೆರೆಯ ಪಕ್ಕದ ಬಯಲಿನಲ್ಲಿ, ಬೇಲೂರಿನವರೂ ಅರಸೀಕೆರೆಯವರೂ ಸೇರಿ ಒಂದು ಆಟ ಆಡಿದರು. ಕಪ್ಪಿಲ್ಲ, ಅರ್ಜಿಯಿಲ್ಲ. ನರಸಿಂಹ ಮೊದಲರ್ಧ ಬೇಲೂರಿನ ಗೋಲು ಕಾದ, ಎರಡನೆಯರ್ಧ ಅರಸೀಕೆರೆಯದು. ಅವನು ನಿಂತ ಕಡೆ ಒಂದು ಗೋಲೂ ಆಗಲಿಲ್ಲ.

ನೋಡಲು ರೈಲ್ವೆಯವರು ಯಾರೂ ಬಂದಿರಲಿಲ್ಲ.