ಮೂರರಲ್ಲಿ ತೆಳ್ಳಗಿನ ಪುಸ್ತಕ

ಕಳೆದ ಸೋಮವಾರ ಕಬ್ಬಿಣದ ಬೀರು ಖಾಲಿ ಮಾಡುತ್ತಿದ್ದೆ. ವರ್ಷಕ್ಕೊಮ್ಮೆ, ಯುಗಾದಿಗೆ ಹದಿನೈದು ದಿನ ಮುಂಚೆ, ಬೆಳಿಗ್ಗೆ ತಿಂಡಿ ಮುಗಿಸಿ ನಾನೇ ಮಾಡುವ ಕೆಲಸ ಇದು. ಕೆಳಗಿನ ಅರೆಯಲ್ಲಿ ಟೈಪಿಂಗ್ ಪರೀಕ್ಷೆಯ ಹಳೆಯ ಅರ್ಜಿಗಳ ಕಟ್ಟು ಇದೆ. ಬಿಸಾಡಬೇಕೆಂದು ಪ್ರತಿ ವರ್ಷ ಅಂದುಕೊಂಡು ಮತ್ತೆ ಅಲ್ಲೇ ಇಡುತ್ತೇನೆ. ಈ ಸಲ ಕಟ್ಟಿದ ದಾರ ಕಿತ್ತುಹೋಯಿತು. ಅರ್ಜಿಗಳ ನಡುವಿನಿಂದ ಒಂದು ತೆಳ್ಳಗಿನ ಪುಸ್ತಕ ಜಾರಿ ನನ್ನ ಕಾಲ ಮೇಲೆ ಬಿತ್ತು. ಎತ್ತಿ ತೆರೆದೆ. ನಸ್ಯದ ವಾಸನೆ ಬಂತು.

ನಮ್ಮ ಬೀದಿಯಲ್ಲಿ ನಸ್ಯ ಏರಿಸುತ್ತಿದ್ದವರು ಒಬ್ಬರೇ. ಅವರು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ನಾನು ಹಗಲು ಹೊತ್ತಿನಲ್ಲಿ ನೆಲದ ಮೇಲೆ ಕೂರುವವಳಲ್ಲ. ಅವತ್ತು ಬೀರುವಿನ ಮುಂದೆ ಹಾಗೇ ಕೂತುಬಿಟ್ಟೆ...

ಹೊಳೆನರಸೀಪುರದ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಲ್ಲಿದ್ದವರು ನಾಟಕದ ಮೇಷ್ಟ್ರು. ಚನ್ನರಾಯಪಟ್ಟಣ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ಊರಿನವರೇ ಸೇರಿ ಪೌರಾಣಿಕ ನಾಟಕ ಆಡಬೇಕೆಂದರೆ ಅವರನ್ನು ಕರೆಸುತ್ತಿದ್ದರು. ಮೂರು ತಿಂಗಳು ಹಾರ್ಮೋನಿಯಂ ಮುಂದೆ ಕೂತು, ತಂಬಾಕು ಬೆಳೆಯುವವನನ್ನು ಮಹಾರಾಜನನ್ನಾಗಿಯೂ ಡೈರಿಯಲ್ಲಿ ಹಾಲು ಅಳೆಯುವವನನ್ನು ದೇವರನ್ನಾಗಿಯೂ ಮಾಡುವುದು ಅವರ ಕೆಲಸ. ಕಲಿಯುವವರಲ್ಲಿ ಓದು ಬಾರದವರೂ ಇರುತ್ತಿದ್ದರು. ಮೇಷ್ಟ್ರು ಅವರಿಗೆ ಹಾಡನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ತಾವು ಒಂದು ಸಾಲು ಹಾಡುವುದು, ಅವರು ತಪ್ಪುತಪ್ಪಾಗಿ ಹಾಡುವುದು, ಹಾಗೇ ಹಾಡುತ್ತಾ ಹಾಡುತ್ತಾ ಸರಿಹೋಗುವುದು. ಸ್ವರದ ಮಾತು ಎತ್ತುತ್ತಿದ್ದುದು ಹಾಡು ಬಾಯಿಗೆ ಬಂದ ಮೇಲೆ.

ನನ್ನದು ಬೇರೆ ರೀತಿ. ಪೇಟೆ ಬೀದಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಬೆಳಿಗ್ಗೆ ಏಳಕ್ಕೆ ಮೊದಲ ಬ್ಯಾಚು, ಸಂಜೆ ನಾಲ್ಕೂವರೆಗೆ ಕೊನೆಯದು ಮುಗಿಯಬೇಕು. ನೋಡದೆ ಹೊಡೆಯಲೆಂದು ಕೀಲಿಗಳ ಮೇಲಿನ ಅಕ್ಷರಗಳಿಗೆ ಕಾಗದ ಅಂಟಿಸಿರುತ್ತಿದ್ದೆ. ಒಂದು ಪುಟ ತಪ್ಪಿಲ್ಲದೆ ಹೊಡೆದವರಿಗೆ ಮಾತ್ರ ಮುಂದಿನ ಪುಟ. ಕೈಯಲ್ಲಿ ಉರುಟು ರೂಲುದೊಣ್ಣೆ ಇರುತ್ತಿತ್ತು. ಯಾರಿಗೂ ಹೊಡೆದವಳಲ್ಲ. ತಪ್ಪು ಕಂಡಾಗ ಮೇಜಿಗೆ ಒಂದು ಸಲ ತಟ್ಟುವುದು, ಅವರು ಪುಟದ ಮೊದಲಿನಿಂದ ಶುರು ಮಾಡುವುದು. ಹೀಗೆ ಕಲಿತವರು ಕೋರ್ಟು, ಕಚೇರಿ, ಬ್ಯಾಂಕು ಸೇರಿದರು. ಆದ್ದರಿಂದ ನನ್ನ ರೀತಿ ಸರಿಯೆಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ.

ಆಮೇಲೆ ಹಳ್ಳಿಗಳವರು ಹಾರ್ಮೋನಿಯಂ ಬೇಡ, ಕೀಬೋರ್ಡ್ ಇರಲಿ ಎನ್ನತೊಡಗಿದರು. ಮೇಷ್ಟ್ರು ಹಾಸನದಿಂದ ಹಳೆಯದೊಂದನ್ನು ತಂದರು. ಅದರಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಪೆಟ್ಟಿಗೆ ತಾನೇ ಒಂದು ಟ್ಯೂನ್ ನುಡಿಸುತ್ತಿತ್ತು. ಹದಿನೈದು ದಿನ ಗೋಡೆಯ ಮೂಲಕ ಅದೇ ಟ್ಯೂನ್ ಕೇಳಿ ಕೇಳಿ ಸಾಕಾಗಿ, ಹೇಳಿ ಬರೋಣವೆಂದು ಹೋದೆ. ಮೇಷ್ಟ್ರು ನೆಲದ ಮೇಲೆ ಮಲಗಿದ್ದರು. ಎಡಗಿವಿ ಪೆಟ್ಟಿಗೆಗೆ ಒತ್ತಿಕೊಂಡಿತ್ತು.

"ಬನ್ನಿ ಮೇಡಮ್ನೋರೆ, ಇದ್ರ ತಾಳ ವಸಿ ನೋಡಿ. ನೆಟ್ಟಗೆ ನಿಂತ್ಕಳಾಕಿಲ್ಲ. ಕುಡ್ದೋನಂಗೆ ವಾಲ್ತದೆ. ಆದ್ರೆ ಬೀಳಾಕಿಲ್ಲ, ಅದೇ ತಮಾಸೆ."

ಗುಂಡಿಯ ಕೆಳಗೆ ಇಂಗ್ಲಿಷಿನಲ್ಲಿ ಏನಿದೆ ಎಂದು ಕೇಳಿದರು. ಜಾಝ್ ಎಂದು ಓದಿ ಹೇಳಿದೆ. ಅವರು ಆ ಪದವನ್ನು ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿದರು.

"ಅನ್ನ ತಣ್ಣಗಾದ್ರೂ ಏಳಾಕಿಲ್ಲ ಇವ್ರು," ಎಂದರು ಅವರ ಹೆಂಡತಿ ಒಳಗಿನಿಂದ. "ಆ ಪೆಟ್ಗೇನೇ ಕಟ್ಕೊಂಡಿದ್ರೆ ನಾನಾರಾ ಬದುಕ್ಕತಿದ್ದೆ."

ಮೇಷ್ಟ್ರು ನಗುತ್ತಾ ಎದ್ದು, ಜೇಬಿನಿಂದ ಒಂದು ಚೀಟಿ ತೆಗೆದು ನನಗೆ ಕೊಟ್ಟರು. ಹಾಸನದ ಕಿವಿ ಡಾಕ್ಟರು ಬರೆದಿದ್ದು. ಮೂವತ್ತು ವರ್ಷ ಮೈಕ್ ಸೆಟ್ಟಿನ ಪಕ್ಕದಲ್ಲಿ ಕೂತ ಕಿವಿ ಅದು.

"ಬಲಗಿವಿ ಓಯ್ತು. ಎಡಗಿವಿ ಇನ್ನೊಂದ್ ವರ್ಸ ಬಂದ್ರೆ ಎಚ್ಚಂತೆ. ಅಷ್ಟ್ರೊಳ್ಗೆ ಇದ್ನ ನನ್ ಕೈಲಿ ನಾನೇ ನುಡಿಸಿ ಒಂದ್ಸಲ ಕೇಳ್ಬುಡ್ಬೇಕು. ಆಮೇಲ್ ಬೇಕಾರೆ ಬಾಗ್ಲು ಆಕ್ಕಳ್ಲಿ."

ಹೇಳಬೇಕೆಂದು ಹೋದದ್ದನ್ನು ಹೇಳದೆ ಬಂದೆ.

ಮುಂದಿನ ವಾರ ಅವರು ಮೂರು ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಹಾಸನದಲ್ಲಿ ಪಿಯಾನೊ ಕಲಿಸುತ್ತಿದ್ದ ಯಾರೋ ಊರು ಬಿಡುವಾಗ ಹಳೇ ಪೇಪರ್ ಅಂಗಡಿಗೆ ಹಾಕಿದ ರಾಶಿಯಲ್ಲಿ ಸಿಕ್ಕಿದ್ದು. ಮೂರೂ ಕೀಬೋರ್ಡಿನಲ್ಲಿ ಜಾಝ್ ಸ್ಕೇಲು ಕಲಿಸುವ ಇಂಗ್ಲಿಷ್ ಪುಸ್ತಕಗಳು. ಸ್ಕೇಲು ಎಂದರೆ ನಮ್ಮ ಆರೋಹಣ ಅವರೋಹಣದಂತೆ ಸ್ವರಗಳ ಮೆಟ್ಟಿಲು. ಮೇಷ್ಟ್ರಿಗೆ ಇಂಗ್ಲಿಷ್ ಬಾರದು.

"ಇದ್ರಲ್ಲಿ ಯಾವ್ದು ಗಟ್ಟಿ ಅಂತ ನೀವು ನೋಡಿ ಯೇಳಿ. ಮೂರ್ನೂ ಕಲಿಯಾಕೆ ನಂಗ್ ಟೇಮಿಲ್ಲ."

ಪುಸ್ತಕ ಅಳೆಯುವುದು ನನಗೆ ಗೊತ್ತಿದ್ದ ಕೆಲಸ. ಟೈಪಿಂಗ್ ಕೈಪಿಡಿಗಳನ್ನು ಎಷ್ಟೋ ನೋಡಿದ್ದೆ. ಯಾವ ಬೆರಳು ಎಲ್ಲಿಗೆ ಎಂದು ಮೊದಲ ಪಾಠದಲ್ಲೇ ಹೇಳಿದೆಯೆ, ಪಾಠಗಳು ಒಂದರ ಮೇಲೊಂದು ಕೂರುತ್ತವೆಯೆ, ತಪ್ಪಿಗೆ ಅವಕಾಶ ಕೊಡುತ್ತದೆಯೆ ಎಂದು ನೋಡುತ್ತಿದ್ದೆ. ಒಂದು ಪುಸ್ತಕದ ತುಂಬ ಫೋಟೊ, ಜೊತೆಗೆ ಇರಬೇಕಾದ ಕ್ಯಾಸೆಟ್ ಇರಲಿಲ್ಲ. ಅದನ್ನು ಪಕ್ಕಕ್ಕಿಟ್ಟೆ. ದಪ್ಪ ಪುಸ್ತಕ ನೋಡಿದ ಕೂಡಲೇ ಮನಸ್ಸಿಗೆ ಬಂತು. ಹನ್ನೆರಡು ಸ್ಕೇಲು, ಹನ್ನೆರಡು ಪಾಠ. ಕೀಲಿಗಳ ಚಿತ್ರದಲ್ಲಿ ಪ್ರತಿ ಸ್ವರದ ಮೇಲೂ ಬೆರಳಿನ ನಂಬರು. ಹದಿಮೂರನೆಯ ಪಾಠದಿಂದ ಜಾಝಿನ ಟ್ಯೂನ್‌ಗಳು. ಅದರ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬ್ಲೇಡು ತಂದು ನಾನೇ ಬಿಡಿಸಿದೆ.

ತೆಳ್ಳಗಿನದರ ಮೊದಲ ಪುಟ ಓದಿ ನನಗೆ ನಗು ಬಂತು. ಕನ್ನಡದಲ್ಲಿ ಹೇಳಿದೆ. ಇಷ್ಟವಾದ ಒಂದು ಟ್ಯೂನ್ ಮೊದಲು ಬಾಯಲ್ಲಿ ಹಾಡಿಕೊಳ್ಳಿ, ಆಮೇಲೆ ಕೀಲಿಗಳಲ್ಲಿ ಹುಡುಕಿ, ತಪ್ಪಾದರೆ ಆಗಲಿ, ಸ್ಕೇಲು ತಾನಾಗಿ ಕಾಣುತ್ತದೆ ಎಂದು ಬರೆದಿದ್ದಾನೆ ಎಂದೆ.

ಮೇಷ್ಟ್ರ ಮುಖ ಅರಳಿತು. "ನಾವು ಅಳ್ಳೀಲಿ ಯೇಳ್ಕೊಡಾದೂ ಅಂಗೇ ಅಲ್ವಾ?"

"ಹಾಗೆ ಕಲಿತರೆ ಬೆರಳು ಕೆಡುತ್ತೆ ಮೇಷ್ಟ್ರೆ. ಕೆಟ್ಟ ಬೆರಳು ತಿದ್ದೋದು ನನಗೆ ಗೊತ್ತು, ಹೊಸಬರಿಗೆ ಕಲಿಸೋದಕ್ಕಿಂತ ಕಷ್ಟ. ಇದು ಪುಸ್ತಕವೇ ಅಲ್ಲ."

ಅವರು ತೆಳ್ಳಗಿನ ಪುಸ್ತಕವನ್ನು ಕೈಗೆತ್ತಿಕೊಂಡು, ಮತ್ತೆ ಮೇಜಿನ ಮೇಲೆ ಇಟ್ಟರು. "ಓದ್ದೋರು ನೀವು. ನೀವಂದಂಗೇ ಆಗ್ಲಿ," ಎಂದು ದಪ್ಪ ಪುಸ್ತಕ ತೆಗೆದುಕೊಂಡರು. ತೆಳ್ಳಗಿನದು ನನ್ನ ಮೇಜಿನ ಮೇಲೆ ಉಳಿಯಿತು. ಅಲ್ಲಿಂದ ಅರ್ಜಿಗಳ ಕಟ್ಟಿಗೆ ಯಾವಾಗ ಸೇರಿತೋ...

ಲೆಕ್ಕ ನನಗೆ ಬಹಳ ಅಚ್ಚುಕಟ್ಟಾಗಿ ಕಂಡಿತ್ತು. ತಿಂಗಳಿಗೊಂದು ಸ್ಕೇಲು, ಹನ್ನೆರಡು ತಿಂಗಳು, ಕಿವಿ ಮುಚ್ಚುವಷ್ಟರಲ್ಲಿ ಟ್ಯೂನ್ ಬಾಗಿಲಿಗೆ ಬಂದಿರುತ್ತದೆ. ಪ್ರತಿ ಪಾಠವನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿಕೊಟ್ಟೆ. ಸಂಜೆ ಐದರಿಂದ ಐದು ಮುಕ್ಕಾಲರವರೆಗೆ ಅಭ್ಯಾಸ. ನಾನು ಆ ಹೊತ್ತಿಗೆ ಅಡಿಗೆಮನೆಯಲ್ಲಿರುತ್ತಿದ್ದೆ. ತಪ್ಪು ಕೇಳಿದರೆ ರೂಲುದೊಣ್ಣೆಯಿಂದ ಗೋಡೆಗೆ ಒಂದು ಸಲ ತಟ್ಟಬೇಕು, ಅವರು ಮೊದಲಿನಿಂದ ಶುರು ಮಾಡಬೇಕು. ಹೀಗೆಂದು ಇಬ್ಬರೂ ಒಪ್ಪಿಕೊಂಡೆವು. ನನಗೆ ಸಂಗೀತ ಬಾರದು. ಆದರೆ ಮೆಟ್ಟಿಲು ಹತ್ತುವವರ ಕಾಲು ತಪ್ಪಿದರೆ ಯಾರಿಗಾದರೂ ತಿಳಿಯುತ್ತದೆ.

"ನನ್ ಮಾತು ಒಂದಿನ ಕೇಳ್ನಿಲ್ಲ ಇವ್ರು," ಎನ್ನುತ್ತಿದ್ದರು ಅವರ ಹೆಂಡತಿ. "ನಿಮ್ ದೊಣ್ಣೆ ಸದ್ದಿಗೆ ನೋಡಿ, ಎಂಗ್ ಬೆಚ್ಚಿ ಬೀಳ್ತಾರೆ."

ಮೇಷ್ಟ್ರ ಎಡಗೈಗೆ ಮೊದಲು ಗೊತ್ತಿದ್ದದ್ದು ಹಾರ್ಮೋನಿಯಂ ತಿದಿ ಒತ್ತುವುದು ಒಂದೇ. ನಾನು ಹೋಗಿ ನೋಡಿದಾಗಲೆಲ್ಲ ಬಲಗೈ ಕೀಲಿಗಳ ಮೇಲೆ ಓಡಾಡುತ್ತಿದ್ದರೆ, ಎಡಗೈ ಇಲ್ಲದ ತಿದಿಯನ್ನು ಗಾಳಿಯಲ್ಲಿ ಒತ್ತುತ್ತಿರುತ್ತಿತ್ತು. ಅದನ್ನು ಬಿಡಿಸಲು ಎರಡು ತಿಂಗಳು ಹಿಡಿಯಿತು. ಬಿಡಿಸಿದೆ. ಒಂದೊಂದು ಸ್ವರವೂ ಒಂದೇ ಅಳತೆಗೆ, ನನ್ನ ಮೊದಲ ಬ್ಯಾಚಿನ ಹುಡುಗಿಯರು ಹೊಡೆಯುವ ಅಕ್ಷರಗಳ ಹಾಗೆ, ಗೋಡೆಯಾಚೆಯಿಂದ ಬರತೊಡಗಿತು. ನನಗೆ ಹೆಮ್ಮೆಯಾಗಿತ್ತು.

ನಾಲ್ಕನೆಯ ಸ್ಕೇಲಿನ ಹೊತ್ತಿಗೆ ಒಂದು ಸಂಜೆ... ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದ್ದೇನೆ. ಪಾಠ ಮುಗಿದಿತ್ತು. ಐದು ಮುಕ್ಕಾಲಿಗೆ ಇನ್ನೂ ಕೆಲವು ನಿಮಿಷ ಇತ್ತು. ಗೋಡೆಯ ಆ ಕಡೆ ಮೇಷ್ಟ್ರು ಮೆಲ್ಲಗೆ ಏನನ್ನೋ ಗುನುಗಿದರು. ಆಮೇಲೆ ಒಂದೊಂದೇ ಕೀಲಿ ಹುಡುಕುತ್ತಾ ಪೆಟ್ಟಿಗೆಯ ಆ ಟ್ಯೂನಿನ ಮೊದಲ ಸಾಲು ನುಡಿಸಿದರು. ಎರಡು ಕಡೆ ತಪ್ಪಿತು. ಮತ್ತೆ ನುಡಿಸಿದರು. ಈ ಸಲ ಒಂದೇ ಕಡೆ ತಪ್ಪಿತು. ತಾಳ ವಾಲುತ್ತಿತ್ತು.

ಅದು ಪಾಠದಲ್ಲಿ ಇರಲಿಲ್ಲ. ನಾನು ಗೋಡೆಗೆ ತಟ್ಟಿದೆ.

ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ನಾಲ್ಕನೆಯ ಸ್ಕೇಲು ಮೊದಲಿನಿಂದ ಶುರುವಾಯಿತು. ಆ ಟ್ಯೂನನ್ನು ಅವರು ಮತ್ತೆ ಮುಟ್ಟಲಿಲ್ಲ.

ತಿಂಗಳಿಗೊಂದು ಎಂದುಕೊಂಡದ್ದು ನಡೆಯಲಿಲ್ಲ. ಒಂದು ತಪ್ಪೂ ಇಲ್ಲದೆ ಮುಗಿಯಬೇಕಲ್ಲ. ಕಪ್ಪು ಕೀಲಿಗಳು ಹೆಚ್ಚಿದಂತೆ ಒಂದೊಂದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ವರ್ಷ ತುಂಬಿದಾಗ ಒಂಬತ್ತನೆಯದರಲ್ಲಿದ್ದರು. ಒಂದು ಸಂಜೆ ತಪ್ಪಾಯಿತು, ನಾನು ತಟ್ಟಿದೆ. ಅವರು ನಿಲ್ಲಿಸಲಿಲ್ಲ, ಮುಂದಕ್ಕೆ ಹೋದರು. ಮತ್ತೆ ತಪ್ಪಿತು, ಜೋರಾಗಿ ತಟ್ಟಿದೆ. ಅವರು ನುಡಿಸುತ್ತಲೇ ಇದ್ದರು. ನಾಲ್ಕನೆಯ ಸಲ ತಟ್ಟಿದಾಗ ಗೋಡೆಯ ಗಾರೆ ಸ್ವಲ್ಪ ಉದುರಿತು. ಆಗ ನನಗೆ ಅರ್ಥವಾಯಿತು.

ಒಲೆ ಆರಿಸಿ ಆ ಮನೆಗೆ ಹೋದೆ. ಮೇಷ್ಟ್ರು ನನ್ನನ್ನು ಕಂಡು ಕೀಬೋರ್ಡಿನಿಂದ ಕೈ ತೆಗೆದರು. ಮುಖದಲ್ಲಿ ಒಂದು ವರ್ಷದಲ್ಲಿ ನಾನು ಕಾಣದ ಸಂತೋಷ ಇತ್ತು.

"ಇವತ್ತು ಒಂದ್ಸಲಾನೂ ದೊಣ್ಣೆ ಸದ್ದು ಬರ್ನಿಲ್ಲ. ಒಂದೂ ತಪ್ಪಾಗ್ನಿಲ್ಲ ಅಲ್ವಾ ಮೇಡಮ್ನೋರೆ?"

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನ ಮುಖ ನೋಡಿದರು. ಅವರು ನಾಲ್ಕೂ ಸಲ ಕೇಳಿಸಿಕೊಂಡಿದ್ದರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಆಮೇಲೂ ಮೇಷ್ಟ್ರು ಬಿಡಲಿಲ್ಲ. ದಿನವೂ ಐದಕ್ಕೆ ಕೂರುತ್ತಿದ್ದರು. ಪಾಠ ಬರೆದುಕೊಡಿ ಎಂದು ಕೈಸನ್ನೆ ಮಾಡುತ್ತಿದ್ದರು, ನಾನು ಬರೆದುಕೊಡುತ್ತಿದ್ದೆ. ಸ್ವಲ್ಪ ದಿನದ ಮೇಲೆ ಪೆಟ್ಟಿಗೆಗೆ ಕರೆಂಟು ಕೊಡುವುದನ್ನೂ ನಿಲ್ಲಿಸಿದರು. ಯಾಕೆಂದು ನೋಟ್‌ಬುಕ್ಕಿನಲ್ಲಿ ಬರೆದು ಕೇಳಿದೆ.

"ನಂಗಂತೂ ಕೇಳಾಕಿಲ್ಲ. ನಿಮ್ಗ್ಯಾಕೆ ಕಾಟ?" ಎಂದರು. ಕಿವುಡಾದ ಮೇಲೆ ಅವರ ದನಿ ದೊಡ್ಡದಾಗಿತ್ತು. ಆ ಮಾತು ಬೀದಿಗೆಲ್ಲ ಕೇಳಿಸಿರಬೇಕು.

ಅಲ್ಲಿಂದಾಚೆಗೆ ಗೋಡೆಯ ಮೂಲಕ ಬರುತ್ತಿದ್ದುದು ಬರೀ ಕೀಲಿಗಳ ಟಕಟಕ. ನನ್ನ ಇನ್‌ಸ್ಟಿಟ್ಯೂಟಿನ ಸದ್ದಿನ ಹಾಗೇ, ಒಂದೇ ಅಳತೆ. ಹದಿಮೂರನೆಯ ಪಾಠ ಬರೆದುಕೊಟ್ಟು ನಾಲ್ಕೈದು ವಾರ ಆಗಿರಬಹುದು. ಒಂದು ಸಂಜೆ ಆ ಟಕಟಕ ಬದಲಾಯಿತು. ಒಂದು ಉದ್ದ, ಒಂದು ಗಿಡ್ಡ. ವಾಲಿತು. ಬೀಳಲಿಲ್ಲ. ನಾನು ದೊಣ್ಣೆ ಕೆಳಗಿಟ್ಟು ಗೋಡೆಗೆ ಕಿವಿ ಕೊಟ್ಟೆ. ಸ್ವರ ಯಾವುದು, ಸರಿಯೋ ತಪ್ಪೋ, ಪೆಟ್ಟಿಗೆಯ ಟ್ಯೂನೋ ಪುಸ್ತಕದ್ದೋ, ತಿಳಿಯುವ ದಾರಿ ಇರಲಿಲ್ಲ. ಕೇಳಬೇಕಾದವರಿಗೂ ಅದು ಕೇಳಲಿಲ್ಲ.

ಆ ಬೇಸಿಗೆಯಲ್ಲೇ ಮೇಷ್ಟ್ರು ಹೋದರು. ಅವರ ಹೆಂಡತಿ ಅರಕಲಗೂಡಿನ ಮಗಳ ಮನೆಗೆ ಹೊರಟಾಗ ಕೀಬೋರ್ಡನ್ನೂ ದಪ್ಪ ಪುಸ್ತಕವನ್ನೂ ತೆಗೆದುಕೊಂಡು ಹೋದರು. ಬಸ್ಸು ಹತ್ತುವ ಮುಂಚೆ ನನ್ನ ಕೈ ಹಿಡಿದು, "ನೀವು ಅವತ್ತು ತಲೆ ಆಡಿಸಿದ್ದು ಒಳ್ಳೇದಾಯ್ತು ಬುಡಿ," ಎಂದರು. ನಾನು ಮಾಡಿದ್ದರಲ್ಲಿ ಅವರಿಗೆ ಒಳ್ಳೆಯದೆಂದು ಕಂಡದ್ದು ಆ ಒಂದು ಸುಳ್ಳು.

ಈಗ ಆ ಮನೆ ತೆಂಗಿನಕಾಯಿ ವ್ಯಾಪಾರದವರ ಗೋಡೌನು. ಚನ್ನರಾಯಪಟ್ಟಣದಿಂದ ಲೋಡು ಬಂದ ದಿನ ಬಿಟ್ಟರೆ ಅಲ್ಲಿ ಯಾರೂ ಇರುವುದಿಲ್ಲ. ಆದರೂ ಐದು ಗಂಟೆಗೆ ಆ ಕಡೆ ಟಕಟಕ ಅನ್ನುತ್ತದೆ. ಇಲಿ ಇರಬಹುದು, ಕಾಯಿ ಉರುಳುತ್ತಿರಬಹುದು. ನಾನು ಭ್ರಮೆಗೆ ಜಾಗ ಕೊಡುವವಳಲ್ಲ. ಆ ಹೊತ್ತಿಗೆ ಸೊಪ್ಪು ಸೋಸುವುದನ್ನು ನಿಲ್ಲಿಸುತ್ತೇನೆ, ಅಷ್ಟೆ. ಎಷ್ಟು ಸಲ ಸುಣ್ಣ ಬಳಿಸಿದರೂ ಗೋಡೆಯಲ್ಲಿ ದೊಣ್ಣೆ ಬಿದ್ದ ಜಾಗದ ತಗ್ಗು ಕಾಣುತ್ತದೆ.

ಸೋಮವಾರ ಬೀರುವಿನ ಮುಂದೆ ಕೂತು ಆ ತೆಳ್ಳಗಿನ ಪುಸ್ತಕವನ್ನು ಮೊದಲ ಸಲ ಪೂರ್ತಿ ನೋಡಿದೆ. ಆಗ ನಾನು ಓದಿದ್ದು ಒಂದೇ ಪುಟ. ಪ್ರತಿ ಹಾಳೆಯ ಬಲ ಮೂಲೆಯಲ್ಲಿ ನಸ್ಯದ ಕಂದು ಹೆಬ್ಬೆಟ್ಟು ಇದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದೂ ಬಿಟ್ಟಿಲ್ಲ. ದಪ್ಪ ಪುಸ್ತಕದ ಹಾಳೆಗಳನ್ನು ಬ್ಲೇಡಿನಿಂದ ಬಿಡಿಸಿದವಳು ನಾನು. ಅದನ್ನು ಅವರು ತೆರೆದೂ ನೋಡಿರಲಿಲ್ಲ. ಇಂಗ್ಲಿಷ್ ಅಕ್ಷರ ಬಾರದೆಯೇ ಯಾವುದು ತಮ್ಮದೆಂದು ಅವರು ಆರಿಸಿಕೊಂಡು ಬಂದಿದ್ದರು. ನನ್ನಿಂದ ಬೇಕಿದ್ದದ್ದು ಹೂಂ ಎನ್ನುವುದು ಒಂದೇ.

ಇವತ್ತು ಐದಕ್ಕೆ ಅಡಿಗೆಮನೆಗೆ ಹೋಗಿ ಗೋಡೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತೆ. ಪುಸ್ತಕ ಮಡಿಲಲ್ಲಿತ್ತು. ಮೊದಲು ಬಾಯಲ್ಲಿ ಹಾಡಿಕೊಳ್ಳಿ ಎಂದಿದೆ. ನನಗೆ ಗೊತ್ತಿರುವ ಟ್ಯೂನ್ ಒಂದೇ. ಹದಿನೈದು ದಿನ ಗೋಡೆಯ ಮೂಲಕ ಕೇಳಿ ಸಾಕಾಗಿತ್ತಲ್ಲ, ಅದು. ಶುರು ಮಾಡಿದೆ. ಮೊದಲ ಸಾಲಿನಲ್ಲೇ ಎಲ್ಲೋ ತಪ್ಪಿದ ಹಾಗಾಯಿತು. ಆ ಕಡೆಯಿಂದ ಯಾರೂ ತಟ್ಟಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಎರಡನೆಯ ಸಾಲಿಗೆ ಹೋದೆ...